ಏಳು ಮೊಳೆಯ ಹೆಸರು

1787ರ ಅಕ್ಟೋಬರ್ 26, ಶುಕ್ರವಾರ ರಾತ್ರಿ. ನ್ಯೂಯಾರ್ಕಿನ ಹ್ಯಾನೋವರ್ ಚೌಕದಲ್ಲಿ ಮೆಕ್‌ಲೀನ್ ಸೋದರರ ಅಚ್ಚುಕೂಟ. ಒಳಗೆ ಕಾಲಿಟ್ಟೊಡನೆ ಎಣ್ಣೆಮಸಿಯ ವಾಸನೆ ಮೂಗಿಗೆ ಬಡಿಯುತ್ತದೆ. ಮೇಣದ ಬತ್ತಿಯ ಬೆಳಕಿನಲ್ಲಿ ಮೊಳೆ ಜೋಡಿಸುವವನ ಕಣ್ಣು ಕೈಬರಹ ಬಿಟ್ಟು ಕದಲುವುದಿಲ್ಲ. ಬೆರಳುಗಳೇ ಕೇಸಿನ ಮನೆಮನೆಗೆ ಹೋಗಿ ಬೇಕಾದ ಅಕ್ಷರ ಹೆಕ್ಕಿ ತರುತ್ತವೆ. ನಮ್ಮೂರ ಹಳೇ ಪ್ರೆಸ್ಸುಗಳಲ್ಲಿ ಲಗ್ನಪತ್ರಿಕೆ ಅಚ್ಚಾಗುವುದನ್ನು ಕಂಡವರಿಗೆ ಈ ಟಕಟಕ ಹೊಸದಲ್ಲ. ಬರಹ ಮುಗಿಯಿತು; ಇನ್ನು ಸಹಿ. ಇಂಗ್ಲಿಷಿನ ಏಳು ಅಕ್ಷರ, ಏಳು ಮೊಳೆ. ಹಿಂದುಮುಂದಾಗಿ ನಿಂತಿದೆ, ತುಸು ಬಗ್ಗಿ ಓದಿ: ಪಬ್ಲಿಯಸ್.

ರೋಮಿನಲ್ಲಿ ಅರಸೊತ್ತಿಗೆ ಕಿತ್ತು ಗಣರಾಜ್ಯ ನಿಲ್ಲಿಸಿದವರಲ್ಲಿ ಒಬ್ಬನ ಹೆಸರದು; ಅವನು ಸತ್ತು ಎರಡು ಸಾವಿರ ವರ್ಷದ ಮೇಲಾಯಿತು. ಬರೆದವನು ವಕೀಲ ಅಲೆಕ್ಸಾಂಡರ್ ಹ್ಯಾಮಿಲ್ಟನ್. ಫಿಲಡೆಲ್ಫಿಯಾದಲ್ಲಿ ಮುಚ್ಚಿದ ಬಾಗಿಲ ಹಿಂದೆ ಕೂತು, ನ್ಯೂಯಾರ್ಕಿನ ಪರವಾಗಿ ಅಮೆರಿಕದ ಹೊಸ ಸಂವಿಧಾನಕ್ಕೆ ಸಹಿ ಹಾಕಿ ಬಂದ ಒಬ್ಬನೇ ಒಬ್ಬ. ಸ್ವಂತ ಹೆಸರಿನಲ್ಲಿ ಅದನ್ನು ಹೊಗಳಿದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಸತ್ತವನ ಹೆಸರಿನಲ್ಲಿ ಬರೆದರೆ ಜನ ವಾದವನ್ನಾದರೂ ಓದಿಯಾರು.

ಎದುರಾಳಿಯೂ ಕಡಿಮೆಯೇನಲ್ಲ. ಎಂಟು ದಿನದ ಕೆಳಗೆ ಥಾಮಸ್ ಗ್ರೀನ್‌ಲೀಫ್‌ನ ‘ನ್ಯೂಯಾರ್ಕ್ ಜರ್ನಲ್’ನಲ್ಲಿ ‘ಬ್ರೂಟಸ್’ ಶುರುಮಾಡಿದ್ದಾನೆ: ಇಷ್ಟು ದೊಡ್ಡ ದೇಶಕ್ಕೆ ಒಂದೇ ಗಣರಾಜ್ಯವೇ? ರಾಜ್ಯಗಳು ಉಳಿದಾವೇ? ಕೇಳಬೇಕಾದ ಪ್ರಶ್ನೆಗಳೇ. ಕೇಳಿದವನು ಯಾರೆಂಬುದು ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ.

ಚಳಿಗಾಲ ಬರುತ್ತದೆ. ಪಬ್ಲಿಯಸ್ ಈಗ ಮೂವರು. ಜಾನ್ ಜೇ ಕಾಯಿಲೆ ಬಿದ್ದು ಐದಕ್ಕೇ ನಿಲ್ಲುತ್ತಾನೆ; ಹೊರೆಯೆಲ್ಲ ಹ್ಯಾಮಿಲ್ಟನ್ ಮತ್ತು ಜೇಮ್ಸ್ ಮ್ಯಾಡಿಸನ್ ಹೆಗಲಿಗೆ. ಲೇಖನದ ಮೊದಲ ಭಾಗಕ್ಕೆ ಮೊಳೆ ಜೋಡಿಸುತ್ತಿರುವಾಗಲೇ ಉಳಿದ ಭಾಗ ಬರೆಯುತ್ತಿದ್ದದ್ದೂ ಉಂಟೆಂದು ಮ್ಯಾಡಿಸನ್ ಮುಂದೆ ನೆನೆಯುತ್ತಾನೆ. ಹೀಗೆ ಒಟ್ಟು 85. ಆ ಧಾವಂತದಲ್ಲೂ ಮ್ಯಾಡಿಸನ್ ‘ವೈಲ್‌ಸ್ಟ್’ ಎನ್ನುವ ಕಡೆ ಹ್ಯಾಮಿಲ್ಟನ್ ‘ವೈಲ್’ ಎನ್ನುತ್ತಾನೆ. ವೇಷ ಕಟ್ಟಿದರೂ ನಡಿಗೆ ಬದಲಾಗಲಿಲ್ಲ. ಯಾವ ಲೇಖನ ಯಾರದೆಂದು 20ನೇ ಶತಮಾನದಲ್ಲಿ ವಿದ್ವಾಂಸರು ಬೇರ್ಪಡಿಸಿದ್ದು ಇಂಥ ಚಿಲ್ಲರೆ ಪದಗಳನ್ನು ಎಣಿಸಿ.

1788ರ ಜುಲೈ 26. ಪೊಕಿಪ್ಸಿಯಲ್ಲಿ ಸೇರಿದ ರಾಜ್ಯದ ಸಭೆಯಲ್ಲಿ ಪರ 30, ವಿರೋಧ 27 ಮತ. ನ್ಯೂಯಾರ್ಕ್ ಸಂವಿಧಾನವನ್ನು ಒಪ್ಪಿತು. ಸುದ್ದಿ ನಗರ ಮುಟ್ಟಿದ ರಾತ್ರಿ ಬೀದಿಯಲ್ಲಿ ಕೇಕೆ. ಗುಂಪಿನ ಹಿಂದೆ ಹೋದರೆ ಗ್ರೀನ್‌ಲೀಫ್‌ನ ಅಂಗಡಿಯ ಮುಂದೆ ನಿಲ್ಲುತ್ತೀರಿ. ಬ್ರೂಟಸ್‌ನನ್ನು ಹುಡುಕಿ ಹೊಡೆಯೋಣವೆಂದರೆ ಅವನಿಗೆ ವಿಳಾಸವಿಲ್ಲ. ಮುದ್ರಕನ ಹೆಸರು, ಬೀದಿ, ಮನೆ ನಂಬರು ಎಲ್ಲ ಪತ್ರಿಕೆಯಲ್ಲೇ ಅಚ್ಚಾಗಿದೆ. ಬಾಗಿಲು ಮುರಿಯಿತು. ಮೊಳೆಗಳು ನೆಲದ ತುಂಬ ಚೆಲ್ಲಾಡಿವೆ. ನೋಡಿ ಕಾಲಿಡಿ.