ದಾಂಡೇಲಿಗೆ ಹೋಗ್ತೀರಾ? ಕಾಳಿ ನದಿಯ ಟೈಮ್‌ಟೇಬಲ್ ನೋಡಿಕೊಂಡು ಹೋಗಿ

ಬೆಂಗಳೂರಿನ ಯಾವ ಆಫೀಸಿನಲ್ಲೇ ಆಗಲಿ, ಟೀಮ್ ಟ್ರಿಪ್ ಮಾತು ಬಂದರೆ ಮೊದಲು ಕೇಳಿಬರುವ ಹೆಸರುಗಳಲ್ಲಿ ದಾಂಡೇಲಿ ಒಂದು. ವಾಟ್ಸ್ಯಾಪ್ ಗ್ರೂಪಿಗೆ ಒಂದು ಪ್ಯಾಕೇಜ್ ಬಂದು ಬೀಳುತ್ತೆ: ಒಂದು ರಾತ್ರಿ ಎರಡು ಹಗಲು, ರಾಫ್ಟಿಂಗ್, ಜಿಪ್‌ಲೈನ್, ಕಯಾಕಿಂಗ್, ಕ್ಯಾಂಪ್‌ಫೈರ್, ಜೊತೆಗೆ ಡಿಜೆ. ಶುಕ್ರವಾರ ರಾತ್ರಿ ಬಸ್ಸು, ಸೋಮವಾರ ಬೆಳಿಗ್ಗೆ ಮತ್ತೆ ಸ್ಟ್ಯಾಂಡ್‌ಅಪ್ ಮೀಟಿಂಗ್.

ನಾನು ಆ ಥರದ ಪ್ಯಾಕೇಜಿನಲ್ಲೂ ಹೋಗಿದ್ದೀನಿ, ಆಮೇಲೆ ನಾವು ನಾಲ್ಕೇ ಜನ ಸೇರಿ ನಿಧಾನಕ್ಕೂ ಹೋಗಿ ಬಂದಿದ್ದೀನಿ. ನನಗೆ ಅರ್ಥವಾಗಿದ್ದು ಇಷ್ಟು: ದಾಂಡೇಲಿಯಲ್ಲಿ ಸಮಯ ನಿಗದಿ ಮಾಡೋದು ನಮ್ಮ ಪ್ಯಾಕೇಜ್ ಅಲ್ಲ. ನೀರು, ಹಕ್ಕಿ, ಮಳೆ ಇವು ಮಾಡುತ್ತವೆ. ಅವುಗಳ ಲೆಕ್ಕ ಗೊತ್ತಿದ್ದರೆ ಅದೇ ಖರ್ಚಿನಲ್ಲಿ ಎರಡು ಪಟ್ಟು ನೋಡಿ ಬರಬಹುದು. ಗೊತ್ತಿಲ್ಲದಿದ್ದರೆ ಒಂದು ವಾಟರ್ ಪಾರ್ಕಿಗೆ ಹೋಗಿ ಬಂದಹಾಗೆ ಆಗುತ್ತೆ.

ನದಿ ಒಂದೇ, ಜಿಲ್ಲೆಯೂ ಒಂದೇ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಡಿಗ್ಗಿ ಎಂಬ ಹಳ್ಳಿಯ ಹತ್ತಿರ ಕಾಳಿ ಹುಟ್ಟುತ್ತಾಳೆ. ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತಾಳೆ. ಹುಟ್ಟೋದೂ ಉತ್ತರ ಕನ್ನಡದಲ್ಲೇ, ಸಮುದ್ರ ಸೇರೋದೂ ಅಲ್ಲೇ.

ದಾಂಡೇಲಿ ಪೇಟೆ ಈ ನದಿಯ ದಂಡೆಯ ಮೇಲಿದೆ. ನಮ್ಮ ಅಪ್ಪ ಅಮ್ಮನ ತಲೆಮಾರಿಗೆ ದಾಂಡೇಲಿ ಅಂದರೆ ಪೇಪರ್ ಮಿಲ್ಲು ಮತ್ತು ಮರದ ಡಿಪೋ. ನಮಗೆ ರಾಫ್ಟಿಂಗು. ಈಗ ಇದೇ ಒಂದು ತಾಲ್ಲೂಕು ಕೇಂದ್ರ. ಆದರೆ ಪ್ರವಾಸಿಗರು ಹುಡುಕಿಕೊಂಡು ಬರುವ ಜಾಗಗಳಲ್ಲಿ ಅರ್ಧಕ್ಕರ್ಧ ಪಕ್ಕದ ಜೋಯಿಡಾ ತಾಲ್ಲೂಕಿನಲ್ಲಿವೆ. ರೂಮು ಬುಕ್ ಮಾಡುವಾಗ ಇದನ್ನು ಮ್ಯಾಪಿನಲ್ಲಿ ನೋಡಿಕೊಳ್ಳಿ. ರಾಫ್ಟಿಂಗ್ ನಡೆಯುವ ಗಣೇಶಗುಡಿ ದಾಂಡೇಲಿ ಪೇಟೆಯಿಂದ ಸುಮಾರು 25 ಕಿಲೋಮೀಟರ್ ದೂರ.

ರಾಫ್ಟಿಂಗ್: ಇಲ್ಲಿ 'ರಿಲೀಸ್' ಅಂದರೆ ನೀರು

ಬೇಸಿಗೆಯಲ್ಲಿ ರಾಜ್ಯದ ಎಷ್ಟೋ ನದಿಗಳು ಒಣಗಿ ನಿಂತಿರುವಾಗ ಕಾಳಿಯಲ್ಲಿ ಮಾತ್ರ ರಾಫ್ಟಿಂಗ್ ಹೇಗೆ ನಡೆಯುತ್ತೆ? ಉತ್ತರ ಗಣೇಶಗುಡಿಯಲ್ಲೇ ಎದ್ದು ನಿಂತಿದೆ. ಅದು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಹಿಂದೆ ಸುಮಾರು 145 ಟಿಎಂಸಿ ನೀರು ಹಿಡಿಯುವ ಜಲಾಶಯ, ಬುಡದಲ್ಲಿ ತಲಾ 50 ಮೆಗಾವ್ಯಾಟಿನ ಎರಡು ಘಟಕಗಳ ವಿದ್ಯುತ್ ಕೇಂದ್ರ. ಟರ್ಬೈನ್ ತಿರುಗಿಸಿ ಹೊರಗೆ ಬರುವ ನೀರಿನ ಮೇಲೆ ನಮ್ಮ ರಾಫ್ಟ್ ತೇಲುತ್ತದೆ.

ಅಂದರೆ ರಾಜ್ಯಕ್ಕೆ ಕರೆಂಟು ಬೇಕಾದಾಗ ಇಲ್ಲಿ ನೀರು ಬರುತ್ತೆ. ನಮ್ಮ ಗೈಡ್ ಇದನ್ನು ಒಂದೇ ಮಾತಿನಲ್ಲಿ ಹೇಳಿದ: "ನೀವು ಬೆಂಗಳೂರಾಗ ಏಸಿ ಹಾಕಿದ್ರ ಇಲ್ಲಿ ನಮ್ಮ ಬೋಟ್ ಓಡ್ತದ್ರೀ ಸರ್."

ಇದರಿಂದ ತಿಳಿಯಬೇಕಾದ್ದು ಏನಪ್ಪ ಅಂದರೆ, "ಹತ್ತು ಗಂಟೆಗೆ ರಾಫ್ಟಿಂಗ್" ಅಂತ ಪ್ಯಾಕೇಜಿನಲ್ಲಿ ಬರೆದಿದ್ದರೂ ನೀರು ಬಿಡುವ ತನಕ ಕಾಯಲೇಬೇಕು. ಹಿಂದಿನ ದಿನ ಸಂಜೆ ಫೋನ್ ಮಾಡಿ, "ನಾಳೆ ನೀರು ಯಾವಾಗ?" ಅಂತ ಕೇಳಿ. ಆ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವವರ ಹತ್ತಿರ ಬುಕ್ ಮಾಡಿ. ನದಿಯ ಅಂಚಿನಲ್ಲಿ ಬಂಡೆ ಮೇಲೆ ಕೂತು ಫೋಟೋ ತೆಗೆಯುವವರಿಗೂ ಇದು ಅನ್ವಯ. ನೀರಿನ ಮಟ್ಟ ಏರೋದಕ್ಕೆ ಇಲ್ಲಿ ಮಳೆಯೇ ಬರಬೇಕು ಅಂತಿಲ್ಲ.

ಎರಡು ಥರದ ರಾಫ್ಟಿಂಗ್ ಇದೆ. ಉದ್ದದ್ದು ಒಂಬತ್ತು ಹತ್ತು ಕಿಲೋಮೀಟರ್, ಚಿಕ್ಕದ್ದು ಅದರ ಒಂದು ಪಾಲು ಅಷ್ಟೇ. ಹೆಚ್ಚಿನ ಪ್ಯಾಕೇಜುಗಳಲ್ಲಿ ಬರೋದು ಚಿಕ್ಕದ್ದು, ಹಾಗಾಗಿ ಯಾವುದು ಅಂತ ಮೊದಲೇ ಕೇಳಿ. ಈಜು ಬರದಿದ್ದರೂ ತೊಂದರೆ ಇಲ್ಲ, ಆದರೆ ಮೂರು ವಿಷಯದಲ್ಲಿ ರಾಜಿ ಬೇಡ:

• ಲೈಫ್ ಜಾಕೆಟ್ಟಿನ ಎಲ್ಲ ಬಕಲ್‌ಗಳು ಬಿಗಿಯಾಗಿರಬೇಕು. ಭುಜದ ಹತ್ತಿರ ಹಿಡಿದು ಎತ್ತಿದರೆ ಅದು ಕಿವಿಯ ತನಕ ಬರಬಾರದು. ಹೆಲ್ಮೆಟ್ ಬೇಕೇ ಬೇಕು.

• ಹತ್ತುವ ಮುಂಚೆ ಒಂದು ರಾಫ್ಟಿಗೆ ಎಷ್ಟು ಜನ ಅಂತ ಕೇಳಿ. "ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋದು ಬಸ್ಸಿಗೆ ಸರಿ, ನದಿಗಲ್ಲ. ಜನ ಹೆಚ್ಚು ಅನಿಸಿದರೆ ಇಳಿದುಬಿಡಿ.

• ನೀರಿಗೆ ಬಿದ್ದರೆ ಎದ್ದು ನಿಲ್ಲೋಕೆ ಹೋಗಬೇಡಿ. ಬಂಡೆಯ ಸಂದಿಗೆ ಕಾಲು ಸಿಕ್ಕಿಕೊಂಡರೆ ಮೊಣಕಾಲುದ್ದದ ನೀರು ಸಹ ಕೆಡವಿ ಹಾಕುತ್ತೆ. ಅಂಗಾತ ಮಲಗಿ, ಕಾಲು ಹರಿವಿನ ಕಡೆ ಮುಂದಕ್ಕೆ ಚಾಚಿ ತೇಲಿ. ಗೈಡ್ ಹಗ್ಗ ಎಸೆಯುತ್ತಾನೆ, ಅದನ್ನು ಹಿಡಿಯಿರಿ.

ಇಷ್ಟು ಮಾಡಿದರೆ ಉಳಿದಿದ್ದೆಲ್ಲ ಬರೀ ಮಜಾ. ಮೊದಲ ಅಬ್ಬರದ ಇಳಿಜಾರು ದಾಟಿ ನದಿ ಒಮ್ಮೆಲೇ ಸಮತಟ್ಟಾದಾಗ ಎರಡೂ ಕಡೆ ಕಾಡು, ಕೂಗುವುದಕ್ಕೂ ಉಸಿರಿಲ್ಲದ ನಾವು. ಆ ಎರಡು ನಿಮಿಷ ಯಾರೂ ಮಾತಾಡುವುದಿಲ್ಲ.

ಅಣೆಕಟ್ಟಿನ ಹಿಂದಿರುವ ಊರು

ಸೂಪಾ ಅನ್ನೋದು ಮೊದಲು ಅಣೆಕಟ್ಟಿನ ಹೆಸರಲ್ಲ, ಒಂದು ಊರಿನ ಹೆಸರು. ಕಾಳಿ ಮತ್ತು ಪಾಂಡರಿ ನದಿ ಕೂಡುವ ಜಾಗದಲ್ಲಿದ್ದ ತಾಲ್ಲೂಕು ಕೇಂದ್ರ. 1980ರ ದಶಕದಲ್ಲಿ ಜಲಾಶಯ ತುಂಬಿದಾಗ ಆ ಊರು, ಸುತ್ತಲಿನ ಹಳ್ಳಿಗಳು ನೀರಿನಡಿ ಹೋದವು. ಕಚೇರಿಗಳು ಜೋಯಿಡಾಕ್ಕೆ ಬಂದವು, ಎಷ್ಟೋ ಕುಟುಂಬಗಳು ರಾಮನಗರದ ಕಡೆ ಹೋದವು.

ನಮ್ಮ ರಾಫ್ಟ್ ನಡೆಸಿದ ಹುಡುಗನ ಅಜ್ಜಿಯ ಮನೆಯೂ ಅದರಲ್ಲಿ ಒಂದು. ಅವನು ಅದನ್ನು ನೋಡಿಯೇ ಇಲ್ಲ, ಅವನು ಹುಟ್ಟಿದ್ದು ಆಮೇಲೆ. "ಅಜ್ಜಿ ಇನ್ನೂ ಹೇಳ್ತಾಳ್ರೀ, ಹಿತ್ತಲಾಗ ಎಷ್ಟು ಹಲಸಿನ ಮರ ಇದ್ವು ಅಂತ," ಅಂದ. ಆಮೇಲೆ ನಗುತ್ತಾ ಹುಟ್ಟು ಎತ್ತಿಕೊಟ್ಟು, "ಈಗ ಅದೇ ನೀರು ನನಗ ಸಂಬಳ ಕೊಡ್ತದ," ಅಂದ.

ಅವನ ದನಿಯಲ್ಲಿ ದೂರು ಇರಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಈ ಊರಿಗೆ 'ಎಂಜಾಯ್' ಮಾಡೋಕೆ ಬಂದೆ ಅನ್ನೋ ಮಾತು ನನ್ನ ಬಾಯಿಂದ ಅಷ್ಟು ಸುಲಭವಾಗಿ ಬರಲಿಲ್ಲ. ಇಲ್ಲಿನ ಜನ ನಮಗೆಲ್ಲ ಬೆಳಕು ಬರಲಿ ಅಂತ ಮನೆ ಬಿಟ್ಟವರು. ಈಗ ಅವರ ಮೊಮ್ಮಕ್ಕಳ ದುಡಿಮೆ ನಾವು ಬರೋದರ ಮೇಲೆ, ಈ ಕಾಡು ಹೀಗೇ ಉಳಿಯೋದರ ಮೇಲೆ ನಿಂತಿದೆ. ಹಾಗಾಗಿ ನಾವು ಹೇಗೆ ಬರ್ತೀವಿ ಅನ್ನೋದೂ ಮುಖ್ಯ.

ಹಾರ್ನ್‌ಬಿಲ್: ಬೆಳಗಿನ ಆರು ಗಂಟೆಯ ಅಪಾಯಿಂಟ್‌ಮೆಂಟ್

ದಾಂಡೇಲಿಯಲ್ಲಿ ಒಂದೇ ಒಂದು ಕೆಲಸಕ್ಕೆ ಟೈಮ್ ಇದ್ದರೆ, ಬೇಗ ಎದ್ದು ಮಂಗಟ್ಟೆ ಹಕ್ಕಿ ನೋಡಿ ಅಂತ ನಾನು ಹೇಳ್ತೀನಿ. ಹಾರ್ನ್‌ಬಿಲ್ ಅಂದರೆ ಇದೇ. ನಾಲ್ಕು ಜಾತಿಯ ಹಾರ್ನ್‌ಬಿಲ್‌ಗಳು ಒಂದೇ ಪ್ರದೇಶದಲ್ಲಿ ಸಿಗುವ ಜಾಗ ಇದು. ಇವುಗಳಿಗಾಗಿಯೇ 2011ರಲ್ಲಿ ಕಾಳಿ ದಂಡೆಯ ಕಾಡನ್ನು ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದರು.

ಇವನ್ನು ನೋಡೋಕೆ ದಟ್ಟ ಕಾಡಿಗೇ ಹೋಗಬೇಕಿಲ್ಲ. ಪೇಟೆಯ ಮರದ ಡಿಪೋ ಹತ್ತಿರವೇ ಬರುತ್ತವೆ. ಸಾಲಾಗಿ ಪೇರಿಸಿಟ್ಟ ಮರದ ದಿಮ್ಮಿಗಳು, ಅದರ ಮೇಲೆ ಹಾರಿ ಹೋಗುವ ಕಪ್ಪು ಬಿಳಿ ಹಕ್ಕಿ. ಕಾಣುವ ಮೊದಲೇ ರೆಕ್ಕೆಯ ಸದ್ದು ಕೇಳುತ್ತೆ. ನೆಲ ಗುಡಿಸುವಾಗ ಪೊರಕೆ ಮಾಡುವ ಸದ್ದಿನ ಹಾಗೆ.

ಬೇಸಿಗೆ ಹತ್ತಿರವಾದಂತೆ ಇವು ಗೂಡು ಹಿಡಿಯುತ್ತವೆ. ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಹೋಗಿ, ಹಿಕ್ಕೆ, ಮಣ್ಣಿನಿಂದ ಬಾಗಿಲನ್ನು ಮುಚ್ಚಿಕೊಳ್ಳುತ್ತೆ. ಕೊಕ್ಕು ಹೋಗುವಷ್ಟು ಸಂದಿ ಮಾತ್ರ ಬಿಡುತ್ತೆ. ತಿಂಗಳುಗಟ್ಟಲೆ ಅದರ ಊಟ, ಆಮೇಲೆ ಮರಿಗಳ ಊಟ, ಎಲ್ಲ ಗಂಡು ಹಕ್ಕಿಯ ಜವಾಬ್ದಾರಿ. ಆಲ, ಅತ್ತಿ ಹಣ್ಣುಗಳನ್ನು ನುಂಗಿ ತಂದು, ಒಂದೊಂದಾಗಿ ಹೊರತೆಗೆದು ಸಂದಿಯಲ್ಲಿ ಕೊಡುತ್ತೆ.

ಗೂಡಿನ ಮರದ ಕೆಳಗೆ ಹತ್ತು ಜನ ನಿಂತು ಸೆಲ್ಫಿ ತೆಗೆಯುತ್ತಿದ್ದರೆ ಗಂಡು ಹತ್ತಿರ ಬರುವುದಿಲ್ಲ, ದೂರದ ಕೊಂಬೆಯಲ್ಲಿ ಕಾಯುತ್ತೆ. ನಾವು ನಿಂತಷ್ಟು ಹೊತ್ತು ಒಳಗಿನವರಿಗೆ ಊಟವಿಲ್ಲ. ಅದಕ್ಕೇ ಸ್ಥಳೀಯ ಬರ್ಡಿಂಗ್ ಗೈಡ್ ಜೊತೆ ಹೋಗಿ, ಅವರು ನಿಲ್ಲಿಸಿದ ಜಾಗದಿಂದ ಮುಂದೆ ಹೋಗಬೇಡಿ, ಬೈನಾಕ್ಯುಲರ್ ಬಳಸಿ.

ಹಕ್ಕಿಗಳ ಹುಚ್ಚು ಹಿಡಿದರೆ ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್ ನೋಡಿ. ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ ಈಗ ಜಂಗಲ್ ಲಾಡ್ಜಸ್‌ನ ತಂಗುದಾಣ. ಹಕ್ಕಿಗಳಿಗಾಗಿ ಇಟ್ಟ ನೀರಿನ ತೊಟ್ಟಿಗಳ ಮುಂದೆ ಸುಮ್ಮನೆ ಕೂತರೆ ಸಾಕು, ಒಂದೊಂದಾಗಿ ಸ್ನಾನಕ್ಕೆ ಬರುತ್ತವೆ.

ಸಫಾರಿ: ಹುಲಿ ಕಾಣದಿದ್ದರೂ ನಷ್ಟವಿಲ್ಲ

1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಮೀಸಲು ಪ್ರದೇಶ. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಅರಣ್ಯ ಇಲಾಖೆಯ ಸಫಾರಿ ಬೆಳಿಗ್ಗೆ, ಸಂಜೆ ಎರಡು ಹೊತ್ತು ಇರುತ್ತೆ.

ಕಬಿನಿಯ ವಿಡಿಯೋ ನೋಡಿ ಇಲ್ಲಿಗೆ ಬಂದರೆ ನಿರಾಸೆ ಆಗಬಹುದು. ಇಲ್ಲಿನ ಕಾಡು ದಟ್ಟ, ಹತ್ತು ಹೆಜ್ಜೆ ಆಚೆ ಕಡವೆ ನಿಂತಿದ್ದರೂ ಗೊತ್ತಾಗುವುದಿಲ್ಲ. ಹುಲಿ ಇದೆ, ಕಪ್ಪು ಚಿರತೆಯೂ ಇದೆ, ಕಾಣೋದು ಮಾತ್ರ ಅದೃಷ್ಟ. ಕಾಟಿ, ಜಿಂಕೆ, ಕೊಂಬೆಯಿಂದ ಕೊಂಬೆಗೆ ಹಾರುವ ಕೆಂದಳಿಲು ಸಿಗುವ ಸಾಧ್ಯತೆ ಹೆಚ್ಚು. ಜೀಪಿನಲ್ಲಿ ಗುಸುಗುಸು ನಿಲ್ಲಿಸಿದರೆ ಅದೂ ಹೆಚ್ಚುತ್ತೆ.

ಬಂಡೆ, ಗುಹೆ, ಗುಡಿ

*ಸಿಂಥೇರಿ ರಾಕ್ಸ್:* ದಾಂಡೇಲಿಯಿಂದ ಸುಮಾರು 30 ಕಿಲೋಮೀಟರ್. ಮೆಟ್ಟಿಲು ಇಳಿದು ಹೋದರೆ ಸುಮಾರು 300 ಅಡಿ ಎತ್ತರದ ಒಂದೇ ಬಂಡೆ, ಅದರ ಬುಡವನ್ನು ಕೊರೆದುಕೊಂಡು ಹರಿಯುವ ಕಾನೇರಿ ಹೊಳೆ. ನೀರು ಶಾಂತವಾಗಿ ಕಂಡರೂ ಇಳಿಯಬೇಡಿ, ಒಳಗೆ ಸುಳಿ ಇದೆ. ಬಂಡೆಯ ಮೇಲೆ ಹೆಜ್ಜೇನು ಕಟ್ಟಿರುತ್ತವೆ, ಕೂಗಾಟವೂ ಬೇಡ.

*ಕವಳಾ ಗುಹೆ:* ಕಾಡಿನೊಳಗೆ ಮೆಟ್ಟಿಲಿಳಿದು, ಬಗ್ಗಿ, ಕೆಲವು ಕಡೆ ತೆವಳಿ ಒಳಗೆ ಹೋಗಬೇಕು. ಸುಣ್ಣಕಲ್ಲಿನಲ್ಲಿ ತಾನಾಗಿ ಮೂಡಿದ ಶಿವಲಿಂಗ ಇದೆ. ಶಿವರಾತ್ರಿಗೆ ಜನ ಸೇರುತ್ತಾರೆ. ಹುಲಿ ಮೀಸಲು ಪ್ರದೇಶದ ಒಳಗಿರೋದರಿಂದ ಅರಣ್ಯ ಇಲಾಖೆಯ ಅನುಮತಿ ಇದೆಯಾ ಅಂತ ಮೊದಲು ವಿಚಾರಿಸಿ. ಟಾರ್ಚ್ ಮರೆಯಬೇಡಿ.

*ಉಳವಿ:* ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಿಂದ ಹೊರಟ ಶರಣರು ಬಂದು ಸೇರಿದ ಜಾಗ, ಚನ್ನಬಸವಣ್ಣನ ಸಮಾಧಿ ಇರುವ ಊರು. ಮಾಘ ಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಇವತ್ತಿಗೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಆ ಸಮಯದಲ್ಲಿ ಹೋದರೆ ರಸ್ತೆಯಲ್ಲಿ ಎತ್ತುಗಳಿಗೆ ದಾರಿ ಬಿಡಿ, ಹಾರ್ನ್ ಹೊಡೆಯಬೇಡಿ.

ರಾತ್ರಿ ಡಿಜೆ ಬೇಕಾ?

ನಾವು ಮೊದಲ ಸಲ ಉಳಿದ ಕಡೆ ರಾತ್ರಿ ಹನ್ನೊಂದರ ತನಕ ಸ್ಪೀಕರ್ ಬಡಿಯುತ್ತಿತ್ತು. ನದಿಯ ಆಚೆ ದಡದಲ್ಲಿ ಕಾಡು. ಎರಡನೇ ಸಲ ಜೋಯಿಡಾ ಕಡೆ ಒಂದು ಮನೆಯಲ್ಲಿ ಉಳಿದೆವು. ರಾತ್ರಿ ಊಟಕ್ಕೆ ಅನ್ನ, ಸಾರು, ಜೊತೆಗೆ ಅವರದೇ ಹಿತ್ತಲಿನ ಗೆಡ್ಡೆಯ ಪಲ್ಯ. ಜೋಯಿಡಾದ ಕುಣಬಿ ಜನ ಗೆಡ್ಡೆ ಗೆಣಸು ಬೆಳೆಯೋದರಲ್ಲಿ ಎತ್ತಿದ ಕೈ. ಅದಕ್ಕೆಂದೇ ಇಲ್ಲಿ ಮೇಳವೂ ನಡೆಯುತ್ತೆ. ಹಳಿಯಾಳ, ಯಲ್ಲಾಪುರ ಕಡೆ ಹೋದರೆ ಸಿದ್ದಿ ಜನರ ಊರುಗಳಿವೆ. ಅವರ ಹೆಣ್ಣುಮಕ್ಕಳು ಹೊಲಿಯುವ ಕೌದಿ ಸಿಕ್ಕರೆ ಚೌಕಾಸಿ ಮಾಡದೆ ತನ್ನಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ.

ದುಡ್ಡು ಎರಡೂ ಕಡೆ ಹೆಚ್ಚುಕಮ್ಮಿ ಅಷ್ಟೇ ಆಯ್ತು. ಒಂದು ಕಡೆ ಸ್ಪೀಕರ್ ಸದ್ದು, ಇನ್ನೊಂದು ಕಡೆ ಗೂಬೆಯ ಸದ್ದು. ಆಯ್ಕೆ ನಿಮ್ಮದು. ಆದರೆ ನಾವು ಬುಕಿಂಗ್ ಮಾಡುವಾಗ "ಡಿಜೆ ಇದೆಯಾ?" ಅಂತ ಕೇಳಿದರೆ ಅವರು ಡಿಜೆ ತರ್ತಾರೆ, "ಬರ್ಡಿಂಗ್ ಗೈಡ್ ಇದ್ದಾರಾ?" ಅಂತ ಕೇಳಿದರೆ ಊರಿನ ಒಬ್ಬ ಹುಡುಗನಿಗೆ ಕೆಲಸ ಸಿಗುತ್ತೆ.

ಹೋಗೋದು ಹೇಗೆ, ಯಾವಾಗ?

• ಬೆಂಗಳೂರಿನಿಂದ ಸುಮಾರು 460 ಕಿಲೋಮೀಟರ್. ರೈಲಿನಲ್ಲಿ ಧಾರವಾಡ ಅಥವಾ ಹುಬ್ಬಳ್ಳಿಗೆ ಬಂದು ಅಲ್ಲಿಂದ ಬಸ್ಸು. ಧಾರವಾಡದಿಂದ 55 ಕಿಲೋಮೀಟರ್ ಆಸುಪಾಸು.

• ನವೆಂಬರ್‌ನಿಂದ ಫೆಬ್ರವರಿ: ಚಳಿ, ಹಸಿರು, ಎಲ್ಲದಕ್ಕೂ ಒಳ್ಳೆಯ ಕಾಲ. ಮಾರ್ಚ್, ಏಪ್ರಿಲ್: ಸೆಖೆ ಇದ್ದರೂ ಹಾರ್ನ್‌ಬಿಲ್ ಗೂಡಿನ ಸಮಯ. ಜೂನ್‌ನಿಂದ ಸೆಪ್ಟೆಂಬರ್: ಜೋರು ಮಳೆ, ಉಂಬಳ. ರಾಫ್ಟಿಂಗ್ ಆಸೆ ಬಿಡಿ.

• ಪೇಟೆ ದಾಟಿದರೆ ನೆಟ್‌ವರ್ಕ್ ಕೈಕೊಡುತ್ತೆ. ಮ್ಯಾಪ್ ಆಫ್‌ಲೈನ್ ಇಟ್ಟುಕೊಳ್ಳಿ, ಸ್ವಲ್ಪ ನಗದು ಇರಲಿ.

• ಕಾಡಿನ ರಸ್ತೆಯಲ್ಲಿ ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ. ತಂದ ಪ್ಲಾಸ್ಟಿಕ್ಕನ್ನು ವಾಪಸ್ ತನ್ನಿ.

ಎರಡು ದಿನ ಸಾಲಲ್ಲ, ಮೂರು ದಿನ ಇಟ್ಟುಕೊಳ್ಳಿ. ಒಂದು ಬೆಳಿಗ್ಗೆ ಹಕ್ಕಿಗೆ, ಒಂದು ದಿನ ನೀರಿಗೆ, ಒಂದು ದಿನ ಬಂಡೆ ಗುಡಿಗಳಿಗೆ. ಒಂದು ಸಂಜೆ ಮಾತ್ರ ಏನೂ ಪ್ಲ್ಯಾನ್ ಮಾಡದೆ ಕಾಳಿ ದಂಡೆಯಲ್ಲಿ ಖಾಲಿ ಬಿಡಿ.