ಊರ ಹೆಸರಿನಲ್ಲಿ ಉಳಿದ ನುಡಿ

ಮೈಸೂರಿನಿಂದ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರು ಸಾಗಿದರೆ ಲಕ್ಷ್ಮಣತೀರ್ಥ ನದಿಯ ದಡದ ಹುಣಸೂರು ಎದುರಾಗುತ್ತದೆ. ಫಲಕದಲ್ಲಿ ‘ಹುಣಸೂರು’ ಎಂದಿದ್ದರೂ ಸಂತೆಗೆ ಬಂದ ಹಳ್ಳಿಗರ ಬಾಯಲ್ಲಿ ಅದು ‘ಉಣ್ಸೂರು’. ಹಾಲು ‘ಆಲು’ ಆಗುತ್ತದೆ, ಹೊಲ ‘ಒಲ’ ಆಗುತ್ತದೆ. ಇದನ್ನು ಕೇಳಿ ಪೇಟೆಯವರು ನಗುವುದುಂಟು. ಆದರೆ ಈ ಸೀಮೆಯಲ್ಲಿ ಸಂಚರಿಸುವಾಗ ಕಿವಿಗೊಟ್ಟರೆ, ಕನ್ನಡದ ಸಾವಿರ ವರ್ಷಗಳ ನಡಿಗೆಯೇ ಊರ ಹೆಸರುಗಳಲ್ಲಿ ಕೇಳಿಸುತ್ತದೆ.

ಮುಂದಿನ ಊರು ಪಿರಿಯಾಪಟ್ಟಣ. ‘ಪಿರಿಯ’ ಎಂಬುದು ಹಳಗನ್ನಡ, ಇಂದಿನ ‘ಹಿರಿಯ’. ಪಂಪನ ಕಾಲದ ಕನ್ನಡದಲ್ಲಿ ಹಾಲು ‘ಪಾಲ್’, ಹೂವು ‘ಪೂ’. ಮುಂದೆ ಪದದ ಮೊದಲಿನ ಪಕಾರವು ಕ್ರಮೇಣ ಹಕಾರಕ್ಕೆ ತಿರುಗಿತು. ಶರಣರು ವಚನಗಳನ್ನು ನುಡಿದ 12ನೆಯ ಶತಮಾನದಲ್ಲಿ ಈ ಪಲ್ಲಟವು ನಡೆದೇ ಇತ್ತು. ಪಿರಿಯಾಪಟ್ಟಣದ ಹೆಸರು ಮಾತ್ರ ಹಳೆಯ ಪಕಾರವನ್ನು ಬಿಡಲಿಲ್ಲ. ನೆರೆಯ ಕೊಡವರ ನುಡಿಯಲ್ಲಿಯೂ ವಯನಾಡಿನ ಮಲಯಾಳದಲ್ಲಿಯೂ ಹಾಲು ಇಂದಿಗೂ ‘ಪಾಲ್’ ಎಂದೇ ಇದೆ.

ದಕ್ಷಿಣಕ್ಕೆ ಹೆಗ್ಗಡದೇವನಕೋಟೆ. ಹಳಗನ್ನಡದ ‘ಪೆರ್ಗಡೆ’ ಕಾಲಾಂತರದಲ್ಲಿ ‘ಹೆಗ್ಗಡೆ’ಯಾಯಿತು, ಹಳ್ಳಿಯಲ್ಲಿ ‘ಎಗ್ಗಡೆ’ಯಾಗಿದೆ. ಪಕಾರ ಹಕಾರವಾಯಿತು, ಹಕಾರ ಲೋಪವಾಯಿತು. ಮೊದಲ ಹೆಜ್ಜೆಯನ್ನು ವ್ಯಾಕರಣವೆಂದು ಗೌರವಿಸುವ ನಾವು ಎರಡನೆಯದನ್ನು ಅಜ್ಞಾನವೆನ್ನುವುದು ನ್ಯಾಯವೇ? ಇದೇ ತಾಲ್ಲೂಕಿನ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರ ನುಡಿಯಿದೆ. ಕನ್ನಡಕ್ಕೆ ಸಮೀಪವಾದರೂ ಅದರ ಧಾಟಿಯೇ ಬೇರೆ.

ಉತ್ತರದಲ್ಲಿ, ಕಾವೇರಿಯ ದಡದ ಹಳೆಯ ಎಡತೊರೆಯ ಸಮೀಪ, ಕೃಷ್ಣರಾಜನಗರವಿದೆ. ಅಲ್ಲಿನ ಗದ್ದೆಬಯಲಿನ ಹಳ್ಳಿಗಳಲ್ಲಿ ಗೃಹಿಣಿಯು ಬಿಂದಿಗೆಯನ್ನು ‘ಇಡು’ ಎನ್ನದೆ ‘ಮಡಗು’ ಎನ್ನುತ್ತಾಳೆ. ಅದೂ ನಿಘಂಟಿನಲ್ಲಿ ಸ್ಥಾನ ಪಡೆದ ಅಚ್ಚಗನ್ನಡ ಪದವೇ.

ಶಾಲೆಗೆ ಹೋದ ಮಗುವಿಗೆ ಈ ನುಡಿಯೇ ನಾಚಿಕೆಯ ಕಾರಣವಾಗುವುದುಂಟು. ಇತರರ ನಗೆಗೆ ಅಂಜಿ ಕೆಲವು ಮಕ್ಕಳು ಇಲ್ಲದ ಹಕಾರವನ್ನೂ ಸೇರಿಸಿ ‘ಅಕ್ಕಿ’ಯನ್ನು ‘ಹಕ್ಕಿ’ ಮಾಡುತ್ತಾರೆ. ಇನ್ನು ಕೆಲವರು ಮನೆಯ ಅಜ್ಜಿಯೊಡನೆ ಮಾತನ್ನೇ ಕಡಿಮೆ ಮಾಡುತ್ತಾರೆ. ಉಚ್ಚಾರ ತಿದ್ದಲು ಹೋಗಿ ಬಾಂಧವ್ಯವನ್ನೇ ಕಳೆದುಕೊಂಡಂತಾಯಿತು.

ಬರೆಯುವಾಗ ‘ಹಾಲು’ ಎಂದು ಬರೆಯಲು ಮಕ್ಕಳಿಗೆ ಅವಶ್ಯವಾಗಿ ಕಲಿಸೋಣ. ಗ್ರಂಥದ ಭಾಷೆ ಎಲ್ಲರಿಗೂ ದಕ್ಕಬೇಕು. ಆದರೆ ಅಜ್ಜಿ ‘ಆಲು ಕುಡಿ ಮಗ’ ಎಂದು ಕರೆದಾಗ ಆ ಮಗು ತಲೆತಗ್ಗಿಸದೆ ಓಡಿಬರುವಂತೆ ನಮ್ಮ ಮನೆಗಳಿರಲಿ.