ಗಿರಣಿ ಮನೆಯ ಗಣಿ

ಬಳ್ಳಾರಿ ಸೀಮೆಯವರಿಗೆ ಗಣಿ ಎಂದರೆ ಸಂಡೂರಿನ ಕೆಂಪು ಧೂಳು, ಸಾಲು ಸಾಲು ಲಾರಿ. 2022ರ ಬೇಸಿಗೆಯಲ್ಲಿ ಕೊಟ್ಟೂರಿನ ಹಿಟ್ಟಿನ ಗಿರಣಿಯವರ ಮಗ 'ಮನೆಯಾಗೇ ಗಣಿಗಾರಿಕೆ ಮಾಡ್ತೀನಿ' ಎಂದಾಗ ಅವನ ಅಮ್ಮ ಮೊದಲು ನೋಡಿದ್ದು ಕೋಣೆಯ ನೆಲವನ್ನು.

ನೆಲ ನೆಟ್ಟಗೇ ಇತ್ತು. ಮೂಲೆಯಲ್ಲಿ ಕಂಪ್ಯೂಟರ್, ಅದರೊಳಗೊಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡು. ಕಾಲೇಜಿನ ಫೀಸಿಗೆಂದು ಕೊಟ್ಟಿದ್ದ ಹಣ ಆ ಕಾರ್ಡಿಗೆ ಹೋಗಿತ್ತು. ಫೀಸು ಕಟ್ಟುವ ಹೊತ್ತಿಗೆ ದುಡಿದು ತುಂಬುತ್ತೇನೆ ಎಂಬುದು ಹುಡುಗನ ಲೆಕ್ಕ, ಅಪ್ಪನಿಗೆ ಗೊತ್ತಿರಲಿಲ್ಲ.

ಈಥೀರಿಯಂ ಎಂಬ ಕ್ರಿಪ್ಟೋ ಹಣದ ಲೆಕ್ಕದ ಪುಟಕ್ಕೆ ಮೊಹರು ಹಾಕಲು ಆಗ ಒಂದು ಸಂಖ್ಯೆ ಹುಡುಕಬೇಕಿತ್ತು. ಸೂತ್ರವಿಲ್ಲ, ಊಹಿಸುತ್ತಲೇ ಹೋಗಬೇಕು. ಅವನ ಕಾರ್ಡು ಸೆಕೆಂಡಿಗೆ 3 ಕೋಟಿ ಸಲ ಊಹಿಸುತ್ತಿತ್ತು. ಒಂಟಿ ಕಾರ್ಡಿಗೆ ದಕ್ಕುವ ಸಂಗತಿಯಲ್ಲವಾದ್ದರಿಂದ ಸಾವಿರಾರು ಜನ ಕೂಡಿ ಗುಂಪಾಗುತ್ತಿದ್ದರು. ಸಿಕ್ಕಿದ್ದರಲ್ಲಿ ಕೆಲಸಕ್ಕೆ ತಕ್ಕ ಪಾಲು.

ಆದರೆ ಪರದೆಯ ಮೇಲಿನ ಅಂಕಿ ನಿಲ್ಲುತ್ತಿರಲಿಲ್ಲ. ಬೆಳಗಿನ ಜಾವ 30 ತೋರಿಸಿದ್ದು ಮಧ್ಯಾಹ್ನಕ್ಕೆ 26. ಹುಡುಗ ಊಟ ಬಿಟ್ಟ, ಸಾಫ್ಟ್‌ವೇರ್ ಬದಲಿಸಿದ. ಅಪ್ಪ ಒಮ್ಮೆ ಬಾಗಿಲಲ್ಲಿ ನಿಂತು, "ವೋಲ್ಟೇಜ್ ಇಲ್ಲಪ್ಪ. ನನ್ನ ಗಿರಣೀನೂ ಈಗ ಎಳೀತೈತಿ" ಎಂದರು.

ಅವರ ಮಾತು ಅರ್ಧ ನಿಜ. ವೋಲ್ಟೇಜ್ ತುಸು ಇಳಿದರೆ ಕಂಪ್ಯೂಟರಿನ ಪವರ್ ಸಪ್ಲೈ ಅದನ್ನು ಸರಿದೂಗಿಸುತ್ತದೆ, ತೀರಾ ಕುಸಿದರೆ ಯಂತ್ರವೇ ಆರಿಹೋಗುತ್ತದೆ. ಮೆಲ್ಲಗಾಗುವುದು ತಲೆಯ ಮೇಲಿನ ಫ್ಯಾನು. ಕೊಟ್ಟೂರಿನ ಏಪ್ರಿಲ್ ಬಿಸಿಲು, ಮೇಲೆ ಗಾಳಿಯಿಲ್ಲ. ಕಾರ್ಡು 83 ಡಿಗ್ರಿ ಮುಟ್ಟಿ, ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. ಬಿಚ್ಚಿ ನೋಡಿದರೆ ಅದರ ಲೋಹದ ಹಲ್ಲುಗಳ ಸಂದಿನಲ್ಲೆಲ್ಲ ಜೋಳದ ಹಿಟ್ಟು! ಗಿರಣಿ ಮನೆಯಲ್ಲಿ ಇನ್ನೇನು ಸಿಕ್ಕೀತು? ಅಪ್ಪನೇ ಬ್ರಷ್ಷು ತಂದುಕೊಟ್ಟರು. ಅಂಕಿ ಮಧ್ಯಾಹ್ನವೂ 30ರಲ್ಲಿ ನಿಂತಿತು.

ನಿಂತಿದ್ದು ಕಾರ್ಡಿನ ಅಂಕಿ ಮಾತ್ರ. ಗುಂಪಿನವರು ತೋರಿಸುವ ಅಂಕಿ ಆಮೇಲೂ ಕುಣಿಯುತ್ತಲೇ ಇತ್ತು. ಅವರಿಗೆ ಕಾರ್ಡು ಕಾಣದು. ಅದು ಕಳಿಸುವ, ಮೊಹರಿಗೆ ಸಾಲದಿದ್ದರೂ ಲೆಕ್ಕಕ್ಕೆ ಬರುವ ಉತ್ತರಗಳನ್ನು ಎಣಿಸಿ ವೇಗವನ್ನು ಅಂದಾಜಿಸುತ್ತಾರೆ. ಗಂಟೆಗೆ ಸರಾಸರಿ 25 ಉತ್ತರ ಬರುವ ಕಡೆ ಒಮ್ಮೆ 20, ಒಮ್ಮೆ 30 ಬಂದರೆ ಯಂತ್ರದ ತಪ್ಪಿಲ್ಲ. ಪಗಡೆಯ ಗರದಂತೆ ಅದು ಬರೀ ಅದೃಷ್ಟ. ದಿನದ 600ರಲ್ಲಿ ಸಾಮಾನ್ಯವಾಗಿ 25ರಷ್ಟೇ ಹೆಚ್ಚುಕಡಿಮೆ. ಕೆಲಸ ಮಾಡಿದವರು ಯಾರೂ ಇಲ್ಲದ ಏರಿಳಿತಕ್ಕೆ ಹುಡುಗ ಹತ್ತು ರಾತ್ರಿ ನಿದ್ದೆಗೆಟ್ಟಿದ್ದ.

"ಹಂಗಾದ್ರೆ ಒಂದು ಗಂಟೆ ನೋಡಿ ಏನೂ ಹೇಳಂಗಿಲ್ಲ?" ಅಪ್ಪ ಕೇಳಿದರು.

"ಇಲ್ಲ."

"ದಿನಕ್ಕೆ ಕರೆಂಟ್ ಎಷ್ಟು ಎಳೀತೈತಿ?"

150 ವ್ಯಾಟ್, 24 ಗಂಟೆ: 3.6 ಯೂನಿಟ್. ತಿಂಗಳಿಗೆ 108. ಈ ಅಂಕಿ ಮಾತ್ರ ಕುಣಿಯುವಂಥದ್ದಲ್ಲ. ಅದನ್ನು ಬರೆಯುತ್ತ ಕೂತಾಗಲೇ ಹುಡುಗ ಫೀಸಿನ ವಿಷಯ ಬಾಯಿಬಿಟ್ಟ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಆ ಮೇ, ಜೂನ್‌ನಲ್ಲಿ ಈಥೀರಿಯಂ ಬೆಲೆ ಪಾತಾಳಕ್ಕಿಳಿಯಿತು. ಸೆಪ್ಟೆಂಬರ್ 15ರ ಮಧ್ಯಾಹ್ನ 12 ದಾಟುತ್ತಲೇ ಆ ಜಾಲ ಊಹಿಸುವ ಪದ್ಧತಿಯನ್ನೇ ಕೈಬಿಟ್ಟು, ಠೇವಣಿ ಇಟ್ಟವರಿಗೆ ಮೊಹರಿನ ಕೆಲಸ ಒಪ್ಪಿಸಿತು. ಜಗತ್ತಿನಾದ್ಯಂತ ಇಂಥ ಕಾರ್ಡುಗಳು ಮಾರಾಟಕ್ಕೆ ಬಿದ್ದವು. ಹುಡುಗನದಕ್ಕೆ ಅರ್ಧ ಬೆಲೆಯೂ ಹುಟ್ಟಲಿಲ್ಲ. ಫೀಸನ್ನು ಅಪ್ಪ ಎರಡು ಕಂತಿನಲ್ಲಿ ಕಟ್ಟಿದರು.

ಬ್ರಷ್ಷು ಈಗ ಗಿರಣಿಯಲ್ಲಿದೆ. ಮೋಟಾರಿನ ಮೇಲಿನ ಹಿಟ್ಟು ಹೊಡೆಯುವುದು ಭಾನುವಾರ ಬೆಳಿಗ್ಗೆ, ಮಗನ ಪಾಳಿ.